ಪ್ಲಿಂತು, ಲಿಂಟಲ್ಲು ಮತ್ತು ಕಾಯಂ ಆಗದ ನೌಕರಿ

ಕಟ್ಟಡ ಕಟ್ಟಿಸುವವನಿಗೆ ಪೇಚಿನ ಪ್ರಸಂಗಗಳು ತಪ್ಪಿದ್ದಲ್ಲ. ನನಗೆ ತಪ್ಪಿದ್ದು ಕಾಯಂ ನೌಕರಿ ಮಾತ್ರ. ಎಪ್ಪತ್ತರ ದಶಕದಲ್ಲಿ ನಾನು ಇಂಡಿ, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಎಂದು ನಾಲ್ಕು ತಾಲೂಕು ಸುತ್ತಿದ ಹಂಗಾಮಿ ಓವರ್ಸಿಯರ್. ಚಡಚಣದಲ್ಲಿ ಒಂದು ಹೆಣ್ಣು ನೋಡಿ ಒಪ್ಪಿದ್ದೆ. ಆಕೆಯೂ ಒಪ್ಪಿದ್ದಳು. ಒಪ್ಪದವರು ಆಕೆಯ ಅಪ್ಪ, ದೊಡ್ಡ ಒಕ್ಕಲುತನದ ಮನುಷ್ಯ. "ನೌಕರಿ ಕಾಯಂ ಆಗಲ್ರಿ, ಆಮ್ಯಾಲ ಮಾತಾಡೂಣು" ಎಂದುಬಿಟ್ಟಿದ್ದರು. ಹೋದಾಗಲೆಲ್ಲ ನಾನು ಅವರ ಮುಂದೆ ನಕ್ಷೆ ಬಿಡಿಸುತ್ತಿದ್ದೆ. ಇದು ಪ್ಲಿಂತು, ಅಂದರೆ ನೆಲದ ಮೇಲಿನ ಕಟ್ಟೆ. ಇದು ಲಿಂಟಲ್ಲು, ಬಾಗಿಲ ಮೇಲಿನ ತೊಲೆ. ಇದು ಸಿಲ್ಲು, ಕಿಟಕಿಯ ಕೆಳಗಿನ ಅಂಚು ಎಂದು ಬೆವರುತ್ತ ವಿವರಿಸುತ್ತಿದ್ದೆ. ಅವರು ಎಲ್ಲ ಕೇಳಿ, ಚಹಾ ಕುಡಿಸಿ, ಬಸ್ಸು ಹತ್ತಿಸುತ್ತಿದ್ದರು.

ಕಾಯಂ ಮಾಡುವುದು ನಮ್ಮ ಇಲಾಖೆಯ ದೊಡ್ಡ ಸಾಹೇಬರ ಕೈಯಲ್ಲಿತ್ತು. ಅವರು ವರ್ಷಕ್ಕೊಮ್ಮೆ ಬಂದು ನಾನು ಕಟ್ಟಿಸಿದ್ದನ್ನು ನೋಡಿ ವರದಿ ಬರೆಯುತ್ತಿದ್ದರು. ಗುತ್ತಿಗೆದಾರ ಒಬ್ಬನೇ ಆದ್ದರಿಂದ ನಾಲ್ಕೂ ಕಡೆ ನನ್ನ ಪಾಲಿಗೆ ಬಂದ, ಗೋಡೆ ಕಟ್ಟುವ ಗೌಂಡಿಯೂ ಒಬ್ಬನೇ. ವಯಸ್ಸಾದವನು. ಅವನು ಇಟ್ಟ ಕಲ್ಲು ಅಲುಗುತ್ತಿರಲಿಲ್ಲ, ಆಡಿದ ಮಾತೂ ಅಷ್ಟೇ.

೧. ಇಂಡಿಯ ಪ್ಲಿಂತು

ಇಂಡಿ ಹತ್ತಿರದ ಹಳ್ಳಿಯಲ್ಲಿ ಮಕ್ಕಳಿಗೆ ಒಂದು ಸಾಲಿ ಕಟ್ಟಬೇಕಿತ್ತು. ನಕ್ಷೆಯಲ್ಲಿ ಪ್ಲಿಂತು ಎರಡೂವರೆ ಫೂಟು. ಗೌಂಡಿ ಕೆಲಸ ಬಿಟ್ಟು ನೆಲಕ್ಕೆ ಕೂತ.

"ಗೌಡ್ರ ಮನಿ ಕಟ್ಟಿ ಎರಡ ಫೂಟ ಐತ್ರಿ. ಅದಕ್ಕಿಂತ ಎತ್ತರ ನಾ ಕಟ್ಟಂಗಿಲ್ಲ."

ನಾನೇ ಗೌಡರ ಮನೆಗೆ ಹೋಗಿ ಕೈಮುಗಿದೆ. ಗೌಡರದು ದೊಡ್ಡ ಮನಸ್ಸು. "ಸಾಲಿ ಅಂದ್ರ ಸರಸ್ವತಿ. ಮೂರ ಫೂಟ ಮಾಡ್ರಿ ಬೇಕಾದ್ರ, ನಮ್ದೇನ ಅಡ್ಡಿ ಇಲ್ಲ" ಎಂದರು. ಕುಣಿಯುತ್ತ ತಿರುಗಿ ಬಂದೆ.

ಮರುದಿನ ಗೌಂಡಿ ಕಾಣೆ. ಹುಡುಕಿದರೆ ಗೌಡರ ಮನೆಯ ಕಟ್ಟೆಯನ್ನು ನಾಲ್ಕು ಫೂಟಿಗೆ ಏರಿಸುತ್ತಿದ್ದಾನೆ! ಗೌಡರದು ಏರಿದ್ದು ನೋಡಿ ಎದುರು ಮನೆಯವರದು ಏರಿತು. ಅದನ್ನು ನೋಡಿ ಕಿರಾಣಿ ಅಂಗಡಿಯವರದು. ಬೇಸಿಗೆಯೆಲ್ಲ ಊರು ಏರುತ್ತ ಹೋಯಿತು, ನನ್ನ ಸಾಲಿ ಮಾತ್ರ ಪಾಯದ ತಗ್ಗಿನಲ್ಲೇ ಉಳಿಯಿತು. ಅಷ್ಟರಲ್ಲಿ ಸಾಹೇಬರು ಬಂದರು. ಊರನ್ನೊಮ್ಮೆ ಸುತ್ತಿ ನೋಡಿ ಕೇಳಿದರು, "ಪ್ಲಿಂತು ಎಲ್ಲಾ ಛಲೋ ಅದಾವ. ನಮ್ಮ ಸಾಲಿ ಎಲ್ಲೈತಿ?"

"ಆ ತಗ್ಗಿನ್ಯಾಗಿನ ಎಮ್ಮಿ ಎಬ್ಬಿಸಿದ್ರ ಕಾಣ್ತೈತ್ರಿ" ಎಂದ ಗೌಂಡಿ.

೨. ಬಾಗೇವಾಡಿಯ ಲಿಂಟಲ್ಲು

ಮರುವರ್ಷ ಬಸವನ ಬಾಗೇವಾಡಿ ತಾಲೂಕಿನಲ್ಲಿ ಒಂದು ಸಣ್ಣ ದವಾಖಾನೆ. ಲಿಂಟಲ್ಲು ಏಳು ಫೂಟಿಗೆ ಎಂದು ಒಂದು ಬಿದಿರು ಗಳದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಕೊಟ್ಟೆ. ಆಮೇಲೆ ನಾಲ್ಕು ದಿನದ ಮಟ್ಟಿಗೆ ಚಡಚಣಕ್ಕೆ ಹೋದೆ, ಮಾವನಾಗದ ಮಾವನಿಗೆ ಅದೇ ಲಿಂಟಲ್ಲಿನ ನಕ್ಷೆ ತೋರಿಸಲು. ಬುದ್ಧಿ ಇದ್ದವನು ಹೋಗುತ್ತಿರಲಿಲ್ಲ.

ನಾನು ತಿರುಗಿ ಬಂದು ಬಸ್ಸಿಳಿಯುವುದಕ್ಕೂ ಸಾಹೇಬರ ಜೀಪು ಬರುವುದಕ್ಕೂ ಸರಿಹೋಯಿತು. ನೋಡುತ್ತೇನೆ, ಬಾಗಿಲೆಲ್ಲ ಐದು ಫೂಟಿಗೇ ಮುಗಿದಿವೆ. ಗೌಂಡಿಯನ್ನು ಪಕ್ಕಕ್ಕೆ ಎಳೆದೆ.

"ಏನಪಾ ಇದು?"

"ಏಳ ಫೂಟಿನ ಮನಶ್ಯಾನ್ನ ಎಲ್ಲಿ ನೋಡೀರಿ? ಬಾಗಲಾ ಅಂದ್ರ ಬಾಗಿ ಬರಬೇಕ್ರಿ. ನೆಟ್ಟಗ ನುಗ್ಗಾಕ ಅದೇನ ಸಂತಿ ಏನ್ರಿ? ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಹಿಂಗ ಕಟ್ಟ್ಯಾರ."

ಸಾಹೇಬರು ಆರು ಫೂಟಿನ ಆಳು. ಅಪ್ಪ-ಅಜ್ಜರ ಪದ್ಧತಿ ಅವರಿಗೆ ತಿಳಿಸಲು ನಾನು ಓಡುವಷ್ಟರಲ್ಲಿ ಕಲ್ಲಿಗೆ ಹಣೆ ತಾಗಿದ ಸದ್ದು ಕೇಳಿಸಿತು. ಉದ್ಘಾಟನೆಗೆಂದು ಮೊದಲೇ ತಂದಿಟ್ಟ ಔಷಧಿ ಪೆಟ್ಟಿಗೆಯನ್ನು ಅಲ್ಲೇ ಒಡೆದು, ಅದನ್ನು ಕಾಯುತ್ತಿದ್ದ ಕಂಪೌಂಡರು ಪಟ್ಟಿ ಕಟ್ಟಿದ. ದವಾಖಾನೆಯ ದಫ್ತರದಲ್ಲಿ ಮೊದಲ ರೋಗಿಯೆಂದು ಇಂದಿಗೂ ಅವರ ಹೆಸರೇ ಇದೆ.

೩. ಮುದ್ದೇಬಿಹಾಳದ ಸಿಲ್ಲು

ಮೂರನೆಯ ವರ್ಷ ತಂಗಡಗಿಯ ಕಡೆ ಮಾಸ್ತರರಿಗೆ ಒಂದು ಮನೆ. ಪ್ಲಿಂತು ಸರಿ, ಲಿಂಟಲ್ಲು ಸರಿ. ನೆಲದಿಂದ ಮೂರು ಫೂಟಿಗೆ ಸಿಲ್ಲು, ಅದರ ಮೇಲೆ ನಾಲ್ಕು ಕಿಟಕಿ. ನಾನೇ ಹಗಲೆಲ್ಲ ಬಿಸಿಲಲ್ಲಿ ನಿಂತು ಕಟ್ಟಿಸಿದೆ. ಈ ಸಲ ಕಾಯಂ ಆಗದಿದ್ದರೆ ಕೃಷ್ಣೆಗೆ ಹಾರುವುದೆಂದು ನಿಶ್ಚಯಿಸಿದ್ದೆ.

ಸಾಹೇಬರು ಬರುವ ಹೊತ್ತಿಗೆ ಮಾಸ್ತರರು ಸಂಸಾರ ಹೂಡಿ ತಿಂಗಳಾಗಿತ್ತು. ಸಾಹೇಬರು ಹೊರಗಿನಿಂದ ಕಿಟಕಿ ಎಣಿಸಿ ತಲೆಯಾಡಿಸಿದರು. ಒಳಗೆ ಹೋದರು. ಕತ್ತಲು.

"ಹೊರಗ ನಾಕ ಅದಾವ, ಒಳಗ ಒಂದ ಐತಿ. ಉಳಿದ ಮೂರ ಏನಾದ್ವು?"

ಉತ್ತರ ಕೊಟ್ಟವರು ಮಾಸ್ತರರ ಮನೆಯವರು. "ಗಾಳಿ, ಧೂಳು ಸಾಕಾಗಿತ್ರಿ. ಗೌಂಡಿ ಅಣ್ಣಾರಿಗೆ ಹೇಳಿ, ಹೊರಗಿನ ಕದಾ ಹಂಗ ಇಟ್ಟು, ಅದರ ಹಿಂದ ಕಲ್ಲ ಮಣ್ಣಾ ಹಾಕಿ ಮುಚ್ಚಿಸೇನಿ. ಡಬ್ಬಿ ಇಡಾಕ ಗೂಡ ಇರಲಿಲ್ಲ ನೋಡ್ರಿ."

ಒಂದು ಸಿಲ್ಲಿನ ಮೇಲೆ ಉಪ್ಪಿನಕಾಯಿ, ಒಂದರ ಮೇಲೆ ದೇವರು, ಒಂದರ ಮೇಲೆ ಮಾಸ್ತರರ ಟೋಪಿ. ಕೃಷ್ಣೆಗೆ ಹೋದೆ. ಬೇಸಿಗೆಯಾದ್ದರಿಂದ ನೀರು ಮೊಣಕಾಲಿಗೂ ಬರಲಿಲ್ಲ.

೪. ಸಿಂದಗಿಯ ಕ್ಯೂರಿಂಗು

ನಾಲ್ಕನೆಯ ವರ್ಷ ಆಲಮೇಲದ ಹತ್ತಿರ ಮತ್ತೊಂದು ಸಾಲಿ. ಈ ಸಲ ಕಲ್ಲು-ಮಣ್ಣಿನ ಮಾಳಿಗೆಯಲ್ಲ, ಸಿಮೆಂಟಿನ ಸ್ಲ್ಯಾಬು. ಆ ಊರಿಗೆ ಅದೇ ಮೊದಲು. ಸ್ಲ್ಯಾಬು ಹಾಕಿದ ಮೇಲೆ ಕ್ಯೂರಿಂಗ್ ಮಾಡಬೇಕು. ಅಂದರೆ ಅದರ ಮೇಲೆ ಮಣ್ಣಿನ ಬದು ಕಟ್ಟಿ, ಮೂರು ನಾಲ್ಕು ವಾರ ನೀರು ಆರದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಬಾವಿ ಅರ್ಧ ಮೈಲು ದೂರ. ಕೂಲಿಗೆ ಬಂದ ಹೆಣ್ಣುಮಕ್ಕಳು ಎರಡನೆಯ ದಿನವೇ ಕೊಡ ಕುಕ್ಕಿದರು. "ನಮಗ ಕುಡ್ಯಾಕ ನೀರಿಲ್ಲ, ಇಂವ ಕಲ್ಲಿಗೆ ಕುಡಸಾಕ ಹೊಂಟಾನ!" ಎಂದು ಬೈದು ನಡೆದರು.

ಅದೇ ದಿನ ನನಗೆ ಮಲೇರಿಯಾ ಹತ್ತಿತು. ಗೌಂಡಿ ಬಂದು, "ನೀವು ಮಲಕೊಳ್ರಿ, ನೀರಿಂದ ನಾ ನೋಡ್ಕೋತೇನಿ" ಎಂದ. ಜ್ವರದ ನಡುಕ ಇನ್ನೂ ಹೆಚ್ಚಾಯಿತು.

ಒಂದು ತಿಂಗಳ ಮೇಲೆ ಎದ್ದೆ. ಎದ್ದ ದಿನವೇ ಸಾಹೇಬರು ಬಂದರು. ಬಾಗಿಲು ಏಳು ಫೂಟು ಇದ್ದರೂ ತಲೆ ಬಗ್ಗಿಸಿಯೇ ಒಳಗೆ ಬಂದರು. ಆಮೇಲೆ ಏಣಿ ಹತ್ತಿದರು. ಅವರ ಹಿಂದೆ ನಾನೂ ಹತ್ತಿದೆ.

ಸ್ಲ್ಯಾಬು ಹಸಿರಾಗಿತ್ತು. ಬದುಗಳ ನಡುವೆ ಮಣ್ಣು, ಮಣ್ಣಿನ ತುಂಬ ಗೇಣುದ್ದದ ಮೆಣಸಿನಕಾಯಿ ಅಗಿ, ಅಂದರೆ ನಾಟಿಯ ಸಸಿ. ನಾಲ್ಕೈದು ಹೆಣ್ಣುಮಕ್ಕಳು ಕೊಡದಿಂದ ನೀರು ಹಾಕುತ್ತಿದ್ದರು. ಸಾಹೇಬರು ಒಂದು ಹೆಜ್ಜೆ ಇಟ್ಟರು.

"ತುಳೀಬ್ಯಾಡ್ರಿ!" ಎಂದು ಎಲ್ಲರೂ ಒಟ್ಟಿಗೆ ಚೀರಿದರು. ಸಾಹೇಬರು ಬದುವಿನ ಮೇಲೆ ಒಂಟಿಗಾಲಲ್ಲಿ ನಿಂತರು.

"ಏನ್ರಿ ಇದು?"

ಗೌಂಡಿ ಹೇಳಿದ, "ಕ್ಯೂರಿಂಗ್ ರೀ. ಸಿಮೆಂಟಿಗೆ ನೀರ ಹೊರ್ರಿ ಅಂದ್ರ ಒಬ್ರೂ ಬರಲಿಲ್ಲ. ಮೆಣಸಿನಕಾಯಿ ಬೀಜಾ ಹಾಕಿ, ಅಗಿ ಎದ್ರ ಎಲ್ಲಾ ನಿಮಗ ಅಂದೆ. ಈಗ ಸಾಕ ಅಂದ್ರೂ ನಿಂದ್ರವಲ್ರು."

ಸಾಹೇಬರು ಒಂದು ಮೂಲೆಯಲ್ಲಿ ಮಣ್ಣು ಸರಿಸಿ ಸುತ್ತಿಗೆಯಿಂದ ಬಡಿದರು. ಖಣಖಣ ಎಂದಿತು. ಬದುವಿನ ಮೇಲೇ ಕೂತು ವರದಿ ಬರೆದರು: "ಸ್ಲ್ಯಾಬು ಅತ್ಯುತ್ತಮ. ಆದರೆ ಓವರ್ಸಿಯರ್ ಸರಕಾರಿ ಕಟ್ಟಡದ ಮೇಲೆ ಬೇಸಾಯ ನಡೆಸಿದ್ದಾರೆ. ಕಾಯಂ ಮಾಡುವುದನ್ನು ಮುಂದಿನ ವರ್ಷ ನೋಡುವುದು."

ನನಗೆ ಬದುಕೇ ಬೇಸರವಾಯಿತು. ಆಕೆಯನ್ನು ಇನ್ನೆಷ್ಟು ವರ್ಷ ಕಾಯಿಸುವುದು? ಬೇರೆ ಗಂಡು ನೋಡಿರಿ ಎಂದು ಹೇಳಿ ಬರಲು ಚಡಚಣಕ್ಕೆ ಹೋದೆ. ಈ ಸಲ ನಕ್ಷೆ ಬಿಡಿಸಲಿಲ್ಲ. ತಲೆ ತಗ್ಗಿಸಿ ವರದಿಯ ನಕಲು ಮುಂದಿಟ್ಟೆ, ನಡೆದದ್ದೆಲ್ಲ ಹೇಳಿದೆ. ಒಳಬಾಗಿಲ ಹಿಂದೆ ಬಳೆ ಸದ್ದು ನಿಂತಿತು.

ಆಕೆಯ ಅಪ್ಪ ವರದಿಯನ್ನು ಎರಡು ಸಲ ಓದಿದರು.

"ಸಿಮೆಂಟಿನ ಮ್ಯಾಲ ಅಗಿ ಎದ್ದೂವು?"

"ಹೌದ್ರಿ."

"ಎಷ್ಟ ಎತ್ತರ?"

ಗೇಣು ಮಾಡಿ ತೋರಿಸಿದೆ. ಅವರು ಒಳಗೆ ತಿರುಗಿ, "ಏ, ಅಳ್ಯಾರಿಗೆ ಸಕ್ರಿ ತಗೊಂಡ ಬರ್ರಿ!" ಎಂದು ಕೂಗಿದರು. ಆಮೇಲೆ ನನ್ನ ಕಡೆ ನೋಡಿ ನಿಜವಾಗಿಯೂ ಸಿಟ್ಟಾದರು.

"ಅಲ್ರೀ, ಒಕ್ಕಲುತನ ಬರ್ತೈತಿ ಅಂತ ಮೊದಲ ಹೇಳಾಕ ಏನಾಗಿತ್ತು? ನಾಕ ವರ್ಷ ಆ ಕಾಗದಾ ತೋರಿಸ್ಕೋತ ಕುಂತ್ರಲ್ಲ!"