ಗೌರವ ಕಾರ್ಯದರ್ಶಿಯ ರಜೆ

ದಂತವೈದ್ಯರ ಸಂಘದ ಗೌರವ ಕಾರ್ಯದರ್ಶಿ ಎಂಬ ಬಿರುದು ಹೆಗಲೇರಿದ ದಿನದಿಂದ ನಮ್ಮ ಹಲ್ಲು ಡಾಕ್ಟರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ರೋಗಿಯ ಬಾಯಿ ತೆರೆಸಿದರೆ ಅಧ್ಯಕ್ಷರ ಫೋನು: ಉಪನ್ಯಾಸಕ್ಕೆ ಮೈಕು ಸಿಕ್ಕಿತೇ? ಊಟಕ್ಕೆ ಕೂತರೆ ಖಜಾಂಚಿಯ ಫೋನು: ಸಭಾಂಗಣದ ಬೀಗದ ಕೈ ಯಾರ ಹತ್ತಿರ? (ಯಾವಾಗಲೂ ಇವರ ಹತ್ತಿರವೇ.) ಸಂಬಳ ಕೊಡದಿರುವುದನ್ನು ಸಂಘದವರು ಗೌರವ ಎಂದು ಕರೆಯುತ್ತಾರೆ.

ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆದರೆ ಪಕ್ಕದ ಕೋಣೆಯಲ್ಲಿ ಮಕ್ಕಳ ಹಲ್ಲು ನೋಡುವ ಅವರ ಹೆಂಡತಿ, ಡಾಕ್ಟರಮ್ಮ, ಒಂದು ದಿನ ಕೈಗವಸು ಕಳಚುತ್ತ ಅಂತಿಮ ತೀರ್ಪು ಕೊಟ್ಟರು.

"ರೀ, ಸಮುದ್ರ ನೋಡೋಕೆ ಹೋಗೋಣ ಅಂತ ಎಷ್ಟು ಸಲ ಹೇಳಿದೀರಿ? ಮುಂದಿನ ವಾರ ನಾನಂತೂ ಹೊರಟೆ. ಬಂದ್ರೆ ನಿಮ್ಮ ಜೊತೆ, ಇಲ್ದಿದ್ರೆ ಅಕ್ಕನ ಜೊತೆ."

"ಬಂದೇ ಬರ್ತೀನಿ ಕಣೇ. ಈ ಹುದ್ದೆಗೆ ಯಾರನ್ನಾದ್ರೂ ಹುಡುಕಿಬಿಟ್ರೆ ಮುಗೀತು."

ಸಂಘದ ಕಟ್ಟಳೆ ಅದು: ಬದಲಿ ಆಳನ್ನು ತಂದು ಕೂರಿಸದೆ ಯಾರೂ ಕುರ್ಚಿ ಬಿಡುವಂತಿಲ್ಲ. ಡಾಕ್ಟರು ಬೇಟೆಗಿಳಿದರು. ಹೊಸದಾಗಿ ಕ್ಲಿನಿಕ್ ತೆರೆದ ತರುಣ ದಂತವೈದ್ಯನೊಬ್ಬನನ್ನು ಮನೆಗೆ ಚಹಾಕ್ಕೆ ಕರೆದರು.

"ಏನೂ ಕೆಲಸ ಇರಲ್ಲಪ್ಪ. ವೇದಿಕೆ ಮೇಲೆ ಕೂರೋದು, ಹಾರ ಹಾಕಿಸ್ಕೊಳ್ಳೋದು."

ಅಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅದನ್ನು ದಿಂಬಿನಡಿ ತುರುಕಿ ಮೇಲೆ ಕೂತರು. ದಿಂಬು ನಡುಗಿತು.

"ಸಾರ್, ನಿಮ್ಮ ಕೆಳಗೆ ಏನೋ ಒದ್ದಾಡ್ತಿದೆ."

"ಅಧ್ಯಕ್ಷರಪ್ಪ, ಬಿಡು," ಎಂದುಬಿಟ್ಟರು ಡಾಕ್ಟರು.

ತರುಣ ಚಹಾವನ್ನು ಅರ್ಧಕ್ಕೇ ಬಿಟ್ಟು ಜಾಗ ಖಾಲಿ ಮಾಡಿದ. ಆಮೇಲೆ ಕರೆದವರಿಗೆಲ್ಲ ಒಮ್ಮೆಲೇ ರಕ್ತದೊತ್ತಡ ಏರಿತು, ಸೊಂಟ ಹಿಡಿಯಿತು. ಡಾಕ್ಟರು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಶತಪಥ ತಿರುಗತೊಡಗಿದರು. ಸಮುದ್ರ ಕೈತಪ್ಪುತ್ತಿದೆ ಎಂದು ಅವರಿಗೆ ನಿಜಕ್ಕೂ ಸಂಕಟವಾಗಿತ್ತು.

"ಸುಮ್ನೆ ಯಾಕೆ ಒದ್ದಾಡ್ತೀರಿ? ನನ್ನ ಹೆಸರು ಕೊಡಿ," ಎಂದರು ಡಾಕ್ಟರಮ್ಮ. "ನಾನೂ ಸಂಘದ ಸದಸ್ಯೆ ತಾನೇ?"

ಪಾಪ, ಇವಳ ತಲೆಗೆ ಕಟ್ಟುತ್ತಿದ್ದೇನಲ್ಲ ಎಂದು ಡಾಕ್ಟರಿಗೆ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ ಬೀಗದ ಕೈ ಹೆಂಡತಿಯ ಅಂಗೈಯಲ್ಲಿತ್ತು. ಆಕೆ ಕಾರ್ಯಕಾರಿ ಸಮಿತಿಯ ಸಭೆಗೆ ಹೊರಟೊಡನೆ ಇವರು ಸಿಳ್ಳೆ ಹಾಕುತ್ತ ಪೆಟ್ಟಿಗೆಗೆ ಬಟ್ಟೆ ತುಂಬಿ, ಬಿಸಿಲ ಟೋಪಿ ಇಟ್ಟುಕೊಂಡು ಕನ್ನಡಿಯೆದುರು ನಿಂತರು.

ಡಾಕ್ಟರಮ್ಮ ಹಿಂದಿರುಗಿದಾಗಲೂ ಟೋಪಿ ತಲೆಯ ಮೇಲೇ ಇತ್ತು.

"ಕಾರ್ಯದರ್ಶಿಗೆ ಒಂದು ವಾರ ರಜೆ ಮಂಜೂರಾಯ್ತು ಕಣ್ರೀ. ಅಲ್ಲೀವರೆಗೆ ಪ್ರಭಾರ ಕಾರ್ಯದರ್ಶಿ ನೀವು. ಅನುಭವಸ್ಥರು ಬೇಕು ಅಂದೆ, ಎಲ್ಲರೂ ಕೈ ಎತ್ತಿದ್ರು."

"ಪ್ರಭಾರ ಕಾರ್ಯದರ್ಶಿನಾ? ಅಂಥದ್ದೊಂದು ಹುದ್ದೆ ಎಲ್ಲಿದೆ?"

"ಇವತ್ತು ಶುರುವಾಯ್ತು. ಕಾರ್ಯದರ್ಶಿ ಅಂದ್ರೆ ಕೆಲಸ ಹಂಚೋರು ರೀ. ನೀವು ಎಲ್ಲಾನೂ ಮೈಮೇಲೆ ಎಳ್ಕೊಂಡ್ರಿ."

"ಮತ್ತೆ ನನ್ನ ಸಮುದ್ರ?"

"ಅಕ್ಕ ಆಗ್ಲೇ ಬಟ್ಟೆ ಜೋಡಿಸ್ಕೊಂಡಿದಾಳೆ. ಆ ಟೋಪಿ ಕೊಡಿ, ಅವಳಿಗಾಗುತ್ತೆ."

ವಾರ ಮುಗಿಯುತ್ತ ಬಂತು. ಅಧ್ಯಕ್ಷರು, ಖಜಾಂಚಿ, ಮೈಕಿನವನು ಸೇರಿ ಹಿಂಡಿ ಹಿಪ್ಪೆ ಮಾಡಿದ ಮೇಲೆ ಡಾಕ್ಟರು ಹೆಂಡತಿಗೆ ಫೋನು ಹಚ್ಚಿದರು.

"ಏನೇ, ಯಾವಾಗ ಬರ್ತೀಯ?"

"ಏನ್ರೀ? ಅಲೆ ಸದ್ದು, ಕೇಳಿಸ್ತಿಲ್ಲ. ಅಂದ ಹಾಗೆ, ಅಕ್ಕ ಇನ್ನೊಂದು ವಾರ ಇರೋಣ ಅಂತಿದಾಳೆ. ಸಭೆ ಕರೆದು ಒಪ್ಪಿಗೆ ತಗೊಂಡುಬಿಡಿ."

ಪ್ರಭಾರ ಕಾರ್ಯದರ್ಶಿಗಳು ಸಭೆ ಕರೆದು, ಸ್ವತಃ ಕುರ್ಚಿ ಹಾಕಿ, ಕಾರ್ಯದರ್ಶಿಯವರ ರಜೆಯನ್ನು ವಿಸ್ತರಿಸಬೇಕೆಂದು ತಾವೇ ಸೂಚಿಸಿದರು. ಠರಾವು ಸರ್ವಾನುಮತದಿಂದ ಪಾಸಾಯಿತು.