ಚೂರಿಯಿಂದ ಕೊಯ್ಯುವ ಚಾ

ನಮ್ಮ ಮನೆಗೆ ಬಂದವರಿಗೆ ಚಾ ಕುಡಿಯಲು ಸಿಗುವುದಿಲ್ಲ, ಚೂರಿಯಲ್ಲಿ ಕೊಯ್ದು ತಿನ್ನಲು ಸಿಗುತ್ತದೆ. ಸುಳ್ಳಲ್ಲ! ಬಿಜೈಯಲ್ಲಿರುವ ನಮ್ಮ ಮನೆಯ ಅಡುಗೆಕೋಣೆ ಈಗ ಮಾವ್ಶಿಯ, ಅಂದರೆ ಮಮ್ಮಿಯ ಅಕ್ಕನ, ವಶದಲ್ಲಿದೆ. ಗಲ್ಫಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಬಂದರ್‌ನ ಅಂಗಡಿಯಿಂದ ಅವರು ಚೈನಾ ಗ್ರಾಸ್ ಹೊತ್ತು ತರುವುದನ್ನು ನೋಡಿದರೆ ಹಿತ್ತಲಲ್ಲಿ ಎಮ್ಮೆ ಸಾಕಿದ್ದಾರೋ ಎಂದು ಯಾರಿಗಾದರೂ ಅನುಮಾನ ಬರಬೇಕು!

ಇದಕ್ಕೆಲ್ಲ ಕಾರಣ ಮಮ್ಮಿ. ಪಾರ್ಶ್ವವಾಯು ಬಡಿದ ಮೇಲೆ ಅವಳಿಗೆ ಮೆತ್ತಗೆ ಕಲಸಿದ ಅನ್ನ ಇಳಿಯುತ್ತದೆ. ನೀರು, ಚಾ ಮಾತ್ರ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುತ್ತವೆ, ಆಮೇಲೆ ಜೀವ ಹೋಗುವಂಥ ಕೆಮ್ಮು. ದಪ್ಪ ಮಾಡಿ ಕೊಡಿ ಎಂದು ಡಾಕ್ಟರು ಒಂದು ಪುಡಿ ಬರೆದುಕೊಟ್ಟರು. ಪುಡಿ ಕಲಸಿದ ಚಾ ಬಾಯಿಗಿಟ್ಟ ಮಮ್ಮಿ, "ಇದು ಪೋಸ್ಟರ್ ಅಂಟಿಸ್ಲಿಕ್ಕೆ ಒಳ್ಳೆದುಂಟು" ಎಂದು ಮುಖ ತಿರುಗಿಸಿದಳು. ಬೆಳಿಗ್ಗೆ ಚಾ ಇಲ್ಲದೆ ಯಾರೊಡನೆಯೂ ಮಾತಾಡದಿದ್ದ ಹೆಂಗಸು ಚಾ ಕೇಳುವುದನ್ನೇ ಬಿಟ್ಟಳು. ನಮಗೆ ಹೆದರಿಕೆಯಾಯಿತು.

ಮಾವ್ಶಿಗೆ ಹೆದರಿಕೆ ಎಂದರೇನೆಂದು ಗೊತ್ತಿಲ್ಲ. "ನನ್ನ ತಂಗಿ ಚಾ ಕುಡೀದೆ ಹೇಗೆ ಇರ್ತಾಳೆ ನೋಡ್ತೇನೆ" ಎಂದು ಡಾಕ್ಟರನ್ನು ಹಿಡಿದು ಕೂತು, ಸಮುದ್ರದ ಪಾಚಿಯಿಂದ ತೆಗೆದ ಚೈನಾ ಗ್ರಾಸಿನ ಮೆತ್ತನೆಯ ಜೆಲ್ಲಿಗೆ ಒಪ್ಪಿಗೆ ತಂದರು. ಅಂದಿನಿಂದ ಅವರು ಪಾಚಿಯ ಪ್ರಚಾರಕಿ!

ಐಸ್‌ಕ್ರೀಮ್ ಪಾರ್ಲರಿಗೆ ಕರೆದೊಯ್ದರೆ ಸುಮ್ಮನೆ ತಿನ್ನುತ್ತಾರೆಯೇ? "ಇದು ನಯವಾಗಿ ನಿಂತದ್ದು ಪಾಚಿಯ ಅಂಟಿನಿಂದ. ನಿನ್ನ ಟೂತ್‌ಪೇಸ್ಟಿನಲ್ಲೂ ಉಂಟು. ಆಸ್ಪತ್ರೆಯಲ್ಲಿ ನಾನು ಕೀವು ಸೋರುವ ಗಾಯಕ್ಕೆ ಕಟ್ಟುತ್ತಿದ್ದ ಪಟ್ಟಿಯೂ ಪಾಚಿಯದ್ದೇ" ಎಂದು ಗಟ್ಟಿ ದನಿಯಲ್ಲಿ ಪಾಠ ಮಾಡಿದರು. ಪಕ್ಕದ ಮೇಜಿನವರು ಚಮಚ ಕೆಳಗಿಟ್ಟು ಬಿಲ್ ಕೇಳಿದರು.

ಪಕ್ಕದ ಮನೆಯ ಭಟ್ರು ದೇವಸ್ಥಾನದ ಅರ್ಚಕರು. ಮಾವ್ಶಿ ಎಳನೀರಿನ ಪುಡ್ಡಿಂಗ್ ಕೊಟ್ಟಾಗ ಅವರು ಕೈ ಹಿಂದೆಳೆದರು.

"ಎಂತದರಿಂದ ಮಾಡಿದ್ದು?"

"ಸಮುದ್ರದ ಸೊಪ್ಪು ಭಟ್ರೇ."

"ಸಮುದ್ರದ್ದಾ? ಹಾಗಾದ್ರೆ ಮೀನಿನ ಲೆಕ್ಕವೇ ಅಲ್ವಾ? ನಮಗೆ ಆಗ್ಲಿಕ್ಕಿಲ್ಲ."

"ಮತ್ತೆ ನಿಮ್ಮ ಸಾರಿನ ಉಪ್ಪು ಎಲ್ಲಿಂದ ಬರ್ತದೆ, ತೆಂಗಿನ ಮರದಿಂದವಾ?"

ಭಟ್ರು ಸ್ವಲ್ಪ ಹೊತ್ತು ಯೋಚಿಸಿ ಒಂದು ತುಂಡು ತಿಂದರು, ಯೋಚಿಸದೆ ಮೂರು ತಿಂದರು. ಮುಂದಿನ ಏಕಾದಶಿಗೆ ಖಾಲಿ ಡಬ್ಬಿ ಹಿಡಿದು ತಾವೇ ಬಂದರು!

ಸೋಲೂ ಇತ್ತೆನ್ನಿ. ಮಾವ್ಶಿ ಪುನರ್ಪುಳಿ ಹಣ್ಣಿನ ಹುಳಿಯನ್ನು ಚೈನಾ ಗ್ರಾಸ್ ಜೊತೆಗೇ ಕುದಿಸಿ, ಬೆಳಗಿನವರೆಗೆ ಕಾದರೂ ಅದು ಪಾತ್ರೆಯಲ್ಲಿ ಸಾರಿನಂತೆ ಓಲಾಡುತ್ತಿತ್ತು. "ಹುಳಿ ಕೊನೆಗೆ ಹಾಕ್ಬೇಕು, ಇಷ್ಟೂ ಗೊತ್ತಿಲ್ವಾ ನಿನಗೆ?" ಎಂದು ನನಗೆ ಬೈದರು. ಕುದಿಸಿದ್ದು ಯಾರು ಸ್ವಾಮಿ?

ಚಾ ಜೆಲ್ಲಿ ಮಾತ್ರ ಚೆನ್ನಾಗಿಯೇ ಬಂತು. ನಾಲಗೆಯಲ್ಲೇ ಒತ್ತಿದರೆ ಪುಡಿಯಾಗುವಷ್ಟು ಮೃದು. ಆದರೆ ಫ್ರಿಜ್ಜಿನಿಂದ ತೆಗೆದ ಮೊದಲ ತುಂಡು ತುಟಿಗೆ ತಾಗಿದ್ದೇ ಮಮ್ಮಿ ತಲೆ ಅಲ್ಲಾಡಿಸಿದಳು. "ತಣ್ಣಗೆ. ಇದು ಚಾ ಅಲ್ಲ." ಅಷ್ಟು ದಿನದ ಪ್ರಯೋಗ ಅಲ್ಲಿಗೇ ಮುಗಿಯಿತೆಂದು ನಾನು ಬಟ್ಟಲನ್ನು ಮತ್ತೆ ಫ್ರಿಜ್ಜಿಗಿಡಲು ಎದ್ದೆ.

ಮಾವ್ಶಿ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟರು.

"ಕರಗ್ತದೆ ಮಾವ್ಶಿ!"

"ಜೆಲಾಟಿನ್ ಆದ್ರೆ ಕರಗ್ತದೆ. ಇದು ಕುದಿಯುವ ಹತ್ತಿರ ಹೋಗದೆ ಜಗ್ಗುವುದಿಲ್ಲ. ಸುಮ್ಮನೆ ನೋಡು."

ಜಗ್ಗಲಿಲ್ಲ. ಹದವಾಗಿ ಬೆಚ್ಚಗಾಯಿತು, ಏಲಕ್ಕಿಯ ಪರಿಮಳ ಎದ್ದಿತು. ಮಮ್ಮಿಯನ್ನು ನೆಟ್ಟಗೆ ಕೂರಿಸಿ, ಮಾವ್ಶಿ ಚಮಚದ ತುದಿಯಲ್ಲಿ ಚೂರು ಕೊಟ್ಟರು. ಮಮ್ಮಿಯ ಗಂಟಲು ಮೇಲೆ ಹೋಗಿ ಕೆಳಗೆ ಬಂತು. ನಾವಿಬ್ಬರೂ ಕೆಮ್ಮಿಗಾಗಿ ಕಾದೆವು. ಕೆಮ್ಮು ಬರಲಿಲ್ಲ.

"ಇನ್ನೊಂದು ಕೊಡು" ಎಂದಳು ಮಮ್ಮಿ.

ಎಷ್ಟೋ ರೋಗಿಗಳ ಪಕ್ಕ ಅಲುಗದೆ ನಿಂತಿದ್ದ ಮಾವ್ಶಿ ಚಮಚವನ್ನು ನನ್ನ ಕೈಗೆ ತುರುಕಿ, ತಂಗಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತರು. ಮಮ್ಮಿ ಶಕ್ತಿ ಉಳಿದಿದ್ದ ಎಡಗೈಯಿಂದ ಅಕ್ಕನ ತಲೆ ಸವರುತ್ತ, ತೊದಲುತ್ತಲೇ ಹೇಳಿದಳು:

"ಅಳ್ಬೇಡ ಮಾರಾಯ್ತಿ, ಚಾ ತಣ್ಣಗಾಗ್ತದೆ."