ಮೊಣಕೈ ಮತ್ತು ಉಪಗ್ರಹ

ಹಠವೆಂಬುದು ಮಾಸ್ತರಿಕೆಯ ಜೊತೆಗೇ ಬರುವ ರೋಗ. ದಿನವಿಡೀ ಮಕ್ಕಳ ಮುಂದೆ ನಾನು ಹೇಳಿದ್ದೇ ಸರಿ ಎಂದು ರೂಢಿಯಾದವನಿಗೆ ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ. ನಾನು ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಅರವತ್ತರ ದಶಕದ ನಡುವಿನ ಮಾತು. ಅಮೆರಿಕದವರು ಉಪಗ್ರಹ ಹಾರಿಸಿ, ಅದರಿಂದ ಮೋಡ, ಬಿರುಗಾಳಿಗಳ ಚಿತ್ರ ತೆಗೆಯತೊಡಗಿ ಕೆಲವು ವರ್ಷಗಳಾಗಿದ್ದವು. ಆ ಸುದ್ದಿಯನ್ನು ಪೇಪರಿನಲ್ಲಿ ಓದಿದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನೇ ಅದನ್ನು ಹಾರಿಸಿ ಕೈತೊಳೆದುಕೊಂಡು ಬಂದವನ ಹಾಗೆ ತರಗತಿಯಲ್ಲಿ, ಕ್ಷೌರದಂಗಡಿಯಲ್ಲಿ, ಆಜರಾ ಬಸ್ಸಿನಲ್ಲಿ ಅದರ ಗುಣಗಾನ ಮಾಡುತ್ತಿದ್ದೆ. ಕೇಳಿದವರೆಲ್ಲ ತಲೆಯಾಡಿಸಿದರು. ಒಪ್ಪದವರೆಂದರೆ ನಮ್ಮ ಮನೆಯ ಮಾಲಕಿ ಪದ್ಮಕ್ಕ ಒಬ್ಬರೇ. ಏಕೆಂದರೆ ಅವರ ಹತ್ತಿರ ಅವರದೇ ಬಲ ಮೊಣಕೈ ಇತ್ತು.

ಈ ಮೊಣಕೈಯ ಮಹತ್ವ ತಿಳಿಯಬೇಕಾದರೆ ಮೊದಲು ಮೆಣಸಿನಕಾಯಿಯ ವಿಷಯ ಹೇಳಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಮನೆಮನೆಗೂ ಇಡೀ ವರ್ಷದ ಕೆಂಪು ಚಟ್ನಿ, ಎಂದರೆ ಮಸಾಲೆ ಖಾರದಪುಡಿ, ಆಗಬೇಕು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಮೆಣಸಿನಕಾಯಿ ತಂದು, ತೊಟ್ಟು ಮುರಿದು, ಮಾಳಿಗೆಯ ಮೇಲೆ ಗರಿಗರಿಯಾಗಿ ಒಣಗಿಸಿ, ಮಸಾಲೆ ಹುರಿದು ಸೇರಿಸಿ ಕುಟ್ಟಿಸುವುದು. ಯಾವುದು ಎಷ್ಟು ಎಂಬ ಪ್ರಮಾಣ ಆಯಾ ಮನೆಯ ಗುಟ್ಟು. ಗಂಡನಿಗೂ ಹೇಳುವುದಿಲ್ಲ. ನನ್ನ ಹೆಂಡತಿ ಕಮಲಾಳ ಚಟ್ನಿಗೆ ಓಣಿಯಲ್ಲಿ ಹೆಸರಿತ್ತು. ಇಚಲಕರಂಜಿಯಲ್ಲಿ ಮಗ್ಗ ಹಾಕಿಕೊಂಡಿರುವ ಅವಳ ಅಣ್ಣನ ಮನೆಗೂ ಇಲ್ಲಿಂದಲೇ ಡಬ್ಬಿ ಹೋಗುತ್ತಿತ್ತು. ಅವಳಿಗೆ ಜಗತ್ತಿನಲ್ಲಿದ್ದ ದೊಡ್ಡ ಹೆಮ್ಮೆ ಅದೊಂದೇ. ನನ್ನನ್ನು ಆ ಪಟ್ಟಿಯಲ್ಲಿ ಅವಳು ಸೇರಿಸಿದ್ದು ನಾನು ಕಾಣೆ. ಆದರೆ ಮೇ ತಿಂಗಳಲ್ಲಿ ಹೇಳದೆ ಕೇಳದೆ ಬರುವ ಅಡ್ಡಮಳೆಗೆ ಸಿಕ್ಕ ಮೆಣಸಿನಕಾಯಿಗೆ ಬೂಸು ಬರುತ್ತದೆ, ವರ್ಷದ ಊಟ ಕೆಡುತ್ತದೆ. ಆದ್ದರಿಂದ ಪದ್ಮಕ್ಕನ ಮೊಣಕೈ ನೋಯುತ್ತಿದೆಯೋ ಇಲ್ಲವೋ ಕೇಳದೆ ನಮ್ಮ ಓಣಿಯಲ್ಲಿ ಯಾರೂ ಒಂದು ಕಾಯನ್ನೂ ಬಿಸಿಲಿಗೆ ಹಾಕುತ್ತಿರಲಿಲ್ಲ. ಅದು ನೋಯತೊಡಗಿದರೆ ಮಳೆ ಎಂದು ಅರ್ಥ.

ಆ ಬೇಸಿಗೆಯಲ್ಲಿ ಮೊಣಕೈ ನೋಯತೊಡಗಿತು. ಕಮಲಾ ಮೆಣಸಿನಕಾಯಿ ಚೀಲ ಕಟ್ಟಿ ಒಳಗಿಟ್ಟಳು. ನಾನು ಪದ್ಮಕ್ಕನ ಮುಂದೆ ಹೋಗಿ ಉಪಗ್ರಹದ ಪಾಠ ಸುರು ಮಾಡಿದೆ.

"ಮಾಸ್ತರ, ನಿಮ್ಮ ಯಂತ್ರ ಅಮೇರಿಕಾದಾಗ ಐತಿ, ನನ್ನ ಮೊಣಕೈ ಇಲ್ಲೇ ಐತಿ. ಮಳಿ ಬರೂದು ಗಡಹಿಂಗ್ಲಜದಾಗ," ಎಂದರು ಅವರು.

"ಅಕ್ಕಾರ, ಅದು ಒಂದ ಕಡೆ ನಿಂದರೂದಿಲ್ರಿ. ಇಡೀ ಭೂಮಿ ಸುತ್ತತೈತಿ."

"ಸುತ್ತೂವ್ರು ಭಾಳ ಮಂದಿ ಅದಾರ ತಗೋರಿ. ಮನ್ಯಾಗ ನಿಂತ ಕೆಲಸಾ ಮಾಡೂವ್ರು ಬೇಕಾಗ್ಯಾರ."

ಈ ಮಾತು ಉಪಗ್ರಹಕ್ಕೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯಲಿಲ್ಲ. ಕಮಲಾ ಮಾತ್ರ ಬಾಗಿಲಲ್ಲಿ ನಿಂತು ನಕ್ಕಳು. ಆಗಲೇ ನಿರ್ಧರಿಸಿದೆ: ಮೊಣಕೈಯನ್ನು ಸೋಲಿಸದೆ ಈ ವರ್ಷದ ಚಟ್ನಿ ಬಾಯಿಗೆ ಹಾಕುವುದಿಲ್ಲ.

ಮರುದಿನವೇ ಕೊಲ್ಹಾಪುರದ ಬಸ್ಸು ಹತ್ತಿದೆ. ಅಲ್ಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಸಹಪಾಠಿಯೊಬ್ಬ ಇದ್ದ, ನಮ್ಮ ಪಕ್ಕದ ನೂಲ ಎಂಬ ಹಳ್ಳಿಯವನು. ಅವನ ಹತ್ತಿರ ಪರದೇಶದ ಮಾಸಿಕದಲ್ಲಿ ಉಪಗ್ರಹ ತೆಗೆದ ಚಿತ್ರವಿತ್ತು. ಅಲ್ಲಲ್ಲಿ ಹಿಂಜಿದ ಹತ್ತಿಯ ಹಾಗೆ ಮೋಡ, ಉಳಿದದ್ದೆಲ್ಲ ಕಪ್ಪು. ನಾನು ಕನ್ನಡಕ ಏರಿಸಿ, ಅಳತೆಪಟ್ಟಿ ಇಟ್ಟು, ಸಮುದ್ರದ ಅಂಚು ಹಿಡಿದು ಗಡಹಿಂಗ್ಲಜ ಹುಡುಕಿದೆ. ನಾನು ಗುರುತು ಮಾಡಿದ ಕಡೆ ಒಂದು ಎಳೆ ಮೋಡವೂ ಇರಲಿಲ್ಲ.

"ಲೇ, ಇದು ಹ್ವಾದ ವರ್ಸದ ಚಿತ್ರ," ಎಂದ ಗೆಳೆಯ. "ಹ್ವಾದ ವರ್ಸದ ಪಂಚಾಂಗ ನೋಡಿ ಯಾರರ ಲಗ್ನಾ ಮಾಡ್ತಾರೇನು?"

ಹೋದ ವರ್ಷವೂ ಮೇ ತಿಂಗಳು ಮೇ ತಿಂಗಳೇ ಆಗಿತ್ತು ಎಂದು ನಾನು ವಾದಿಸಿದೆ. ಹಠ ಹಿಡಿದವನಿಗೆ ತರ್ಕಕ್ಕೇನು ಬರವಿಲ್ಲ. ಚಿತ್ರವನ್ನು ಕಾಡಿ ಬೇಡಿ ತಂದು ಓಣಿಗೆಲ್ಲ ತೋರಿಸಿ, ಮಳೆ ಬರುವುದಿಲ್ಲವೆಂದು ಸಾರಿದೆ. ಆ ದಿನ ಮಳೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೊಣಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತ ಪದ್ಮಕ್ಕ, "ವಯಸ್ಸಾತ್ರಿ ಇದಕ್ಕೂ," ಎಂದು ಒಪ್ಪಿಕೊಂಡರು. ನನ್ನ ಎದೆ ಉಬ್ಬಿತು. ಮೂರನೆಯ ದಿನ ಬೆಳಗ್ಗೆ ಒಂದಕ್ಕೊಂದು ತಾಗಿದ ಮಾಳಿಗೆಗಳ ಮೇಲೆಲ್ಲ ಓಣಿಯವರು ನನ್ನ ಮಾತು ನಂಬಿ ಮೆಣಸಿನಕಾಯಿ ಹರಡಿದರು. ಕಮಲಾಳ ರಾಶಿ ಎಲ್ಲರ ನಡುವೆ ಇತ್ತು.

ಊಟ ಮಾಡಿ ಗೆದ್ದವನ ನಿದ್ದೆ ಮಾಡುತ್ತಿದ್ದೆ. ಒಮ್ಮೆಲೇ ಗಾಳಿ ಎದ್ದಿತು. ಮೋಡವಿಲ್ಲ, ಒಂದು ಹನಿ ಮಳೆಯಿಲ್ಲ, ಬರೀ ಒಣ ಬಿರುಗಾಳಿ. ಹೆಂಗಸರು ಮಾಳಿಗೆ ಹತ್ತುವ ಮೊದಲೇ ಎಲ್ಲ ಮನೆಗಳ ಮೆಣಸಿನಕಾಯಿ ಒಂದಾಗಿ ಎದ್ದು ಓಣಿಗೆ ಇಳಿದಿತ್ತು. ಬೀಜ, ಸಿಪ್ಪೆ, ಧೂಳು, ಘಾಟು. ಸಣ್ಣವರು ದೊಡ್ಡವರೆನ್ನದೆ ಓಣಿಗೆ ಓಣಿಯೇ ಸೀನಿತು, ಕೆಮ್ಮಿತು, ಕಣ್ಣೀರು ಸುರಿಸಿತು. ಆಗ ಯಾರಾದರೂ ಬಂದಿದ್ದರೆ ಊರ ಹಿರಿಯರೊಬ್ಬರು ತೀರಿಕೊಂಡಿದ್ದಾರೆಂದೇ ತಿಳಿಯುತ್ತಿದ್ದರು.

"ಏನ್ರಿ, ನಿಮ್ಮ ಯಂತ್ರಕ್ಕ ಗಾಳಿ ಕಾಣಸೂದಿಲ್ಲೇನು?" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಮಲಾ ಕೇಳಿದಳು.

"ಮೋಡ ಇದ್ದರ ಕಾಣತೈತಿ. ಬರೇ ಗಾಳಿಗೆ ಬಣ್ಣ ಇರೂದಿಲ್ಲಲಾ."

"ಇವತ್ತ ಇತ್ತಲ್ರಿ, ಕೆಂಪಗ."

ನಾನು ಜೋರಾಗಿ ಸೀನಿದೆ. ಪದ್ಮಕ್ಕನ ಮೊಣಕೈಯೂ ಗಾಳಿಯ ಬಗ್ಗೆ ಚಕಾರವೆತ್ತಿರಲಿಲ್ಲ. ಆದರೆ ಅದನ್ನು ನೆನಪಿಸುವ ಹೊತ್ತು ಅದಾಗಿರಲಿಲ್ಲ.

ಯಾರದು ಯಾವುದೆಂದು ಆರಿಸುವುದು ಸಾಧ್ಯವಿರಲಿಲ್ಲ. ಎಲ್ಲವನ್ನೂ ಗುಡಿಸಿ, ಮೊರದಲ್ಲಿ ಕೇರಿ, ಒಟ್ಟಿಗೇ ಕುಟ್ಟಿಸಿ ಹಂಚಿಕೊಂಡರು. ಆ ವರ್ಷ ನಮ್ಮ ಓಣಿಯ ಯಾವ ಮನೆಯಲ್ಲಿ ಉಂಡರೂ ಒಂದೇ ಚಟ್ನಿ. ಕೆಟ್ಟದ್ದಾಗಿತ್ತೆಂದಲ್ಲ. ಆದರೆ ಅದು ಕಮಲಾಳದಾಗಿರಲಿಲ್ಲ. ಇಚಲಕರಂಜಿಗೆ ಅವಳು ಡಬ್ಬಿ ಕಳಿಸಲಿಲ್ಲ. ಅಣ್ಣ ಬಂದಾಗ, "ಈ ಸಲ ಕಾಯಿ ಚಲೋ ಸಿಗಲಿಲ್ಲಣ್ಣಾ," ಎಂದಳೇ ಹೊರತು ನನ್ನ ಹೆಸರು ಎತ್ತಲಿಲ್ಲ. ಬೈದಿದ್ದರೆ ಎದುರು ವಾದಿಸಬಹುದಿತ್ತು. ಅವಳ ಆ ಸುಮ್ಮನಿರುವಿಕೆ ನನ್ನನ್ನು ಬಹಳ ನೋಯಿಸಿತು. ಮುಂದಿನ ವರ್ಷ ಅವಳ ಒಂದು ಕಾಯೂ ಅಲುಗದ ಹಾಗೆ ನೋಡಿಕೊಳ್ಳುತ್ತೇನೆಂದು ಶಪಥ ಮಾಡಿ, ಅದನ್ನು ಅವಳಿಗೆ ಹೇಳಿಯೂಬಿಟ್ಟೆ.

ಹೇಳಬಾರದಿತ್ತು. ಮರು ಬೇಸಿಗೆ ಕಮಲಾ ನನ್ನ ಕೈಗೆ ಕೊಡೆ, ತಲೆಗೆ ಒದ್ದೆ ಟವೆಲ್ಲು ಕೊಟ್ಟು ಮಾಳಿಗೆ ಹತ್ತಿಸಿದಳು. ಮಳೆ, ಗಾಳಿ, ಕಾಗೆ, ಮೂರೂ ನನ್ನ ಖಾತೆ. ಒಂದೇ ಮಾಳಿಗೆ ಕಾಯ್ದರೆ ನ್ಯಾಯವಲ್ಲವೆಂದು ಓಣಿಯವರು ತಮ್ಮ ಮಾಳಿಗೆಗಳನ್ನೂ ಒಪ್ಪಿಸಿದರು. ಅಂದಿನಿಂದ ಪ್ರತಿ ಬೇಸಿಗೆಯೂ ಈ ತುದಿಯಿಂದ ಆ ತುದಿಗೆ ಸುತ್ತುತ್ತೇನೆ, ನಾಲ್ಕೂ ದಿಕ್ಕು ನೋಡುತ್ತೇನೆ, ಕೆಳಗಿನಿಂದ ಪದ್ಮಕ್ಕ, "ಪಶ್ಚಿಮಕ್ಕ ಹ್ಯಾಂಗೈತ್ರಿ ಮಾಸ್ತರ?" ಎಂದು ಕೇಳಿದರೆ ವರದಿ ಒಪ್ಪಿಸುತ್ತೇನೆ. ಕಮಲಾಳ ಡಬ್ಬಿ ಮತ್ತೆ ಇಚಲಕರಂಜಿಗೆ ಹೋಗುತ್ತಿದೆ. ಅಮೆರಿಕದವರ ಉಪಗ್ರಹಗಳು ಒಂದಷ್ಟು ದಿನ ಸುತ್ತಿ, ಕೆಟ್ಟು ಕೆಲಸ ನಿಲ್ಲಿಸುತ್ತವಂತೆ. ನನಗೆ ಆ ಅನುಕೂಲವಿಲ್ಲ. ಹೆಂಡತಿ ಹೊತ್ತುಹೊತ್ತಿಗೆ ಊಟ ಹಾಕುತ್ತಾಳೆ.